ಇಂಗಿನ ವಾಸನೆಯ ಬೇಟೆಗಾರ್ತಿ

ನನ್ನ ನಾದಿನಿ ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಮೂರು ಸಲ ಕೇಳಿ, ಇಲ್ಲವೆಂದರೂ ತಿನ್ನದವಳು. ಆದರೆ ಪ್ರತಿ ವರ್ಷ ತಪ್ಪದೆ ಜಿಂಕೆ ಬೇಟೆಯ ಲೈಸೆನ್ಸ್ ತೆಗೆದುಕೊಳ್ಳುತ್ತಾಳೆ! ಇಡೀ ವರ್ಜೀನಿಯಾದಲ್ಲಿ ಇಂಥ ಬೇಟೆಗಾರ್ತಿ ಇನ್ನೊಬ್ಬಳಿದ್ದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಒಂದೇ ಮನೆಯಲ್ಲಿಟ್ಟು ನಾನು ಷಾರ್ಲೆಟ್‌ನಲ್ಲಿರುವ ನನ್ನ ಮಗಳ ಮನೆಗೆ ಓಡಿಹೋಗುತ್ತೇನೆ.

ಯಜಮಾನರು ತೀರಿಕೊಂಡ ಮೇಲೆ ಅವರ ಈ ತಂಗಿ ನನಗೆ ಜೊತೆಯಾಗಿರಲೆಂದು ಸೆಂಟರ್‌ವಿಲ್‌ನ ನಮ್ಮ ಮನೆಗೆ ಬಂದಳು. ಕೂತರೆ ತಾನೇ ಜೊತೆ? ಕಾಫಿ ಲೋಟ ಹಿಡಿದುಕೊಂಡು ಮನೆಯೆಲ್ಲ ಸುತ್ತುತ್ತಾಳೆ. ನನ್ನ ಮಸಾಲೆ ಡಬ್ಬಗಳನ್ನು ವಾರಕ್ಕೊಮ್ಮೆ ವರ್ಗ ಮಾಡುತ್ತಾಳೆ. "ಸಿಟ್ ಸ್ಟಿಲ್, ಗರ್ಲ್ಸ್" ಎಂದು ಸ್ಕೇಲ್ ಹಿಡಿದು ನಿಲ್ಲುತ್ತಿದ್ದ ನಮ್ಮ ಕಾನ್ವೆಂಟಿನ ಸಿಸ್ಟರ್ ಕೈಗೆ ಇವಳು ಸಿಕ್ಕಿದ್ದರೆ, ಪಾಪ, ಸಿಸ್ಟರೇ ಸ್ಕೂಲು ಬಿಟ್ಟು ಹೋಗುತ್ತಿದ್ದರು.

"ಸ್ವಲ್ಪ ಕೂತ್ಕೊಳ್ಳೇ" ಎನ್ನುತ್ತೇನೆ.

"ಕೂತ್ರೆ ಮಂಡಿ ಹಿಡ್ಕೊಳ್ಳತ್ತೆ. ಏಳಿ ಅತ್ತಿಗೆ, ಕಾರ್ ತೆಗೀರಿ."

ಕಾರು ಹೋಗುವುದು ಒಂದೇ ಕಡೆಗೆ, ನಮ್ಮ ಬಡಾವಣೆಯಾಚೆಗಿನ ಸರ್ಕಾರಿ ಕಾಡಿಗೆ. ಸೀಸನ್‌ನಲ್ಲಿ ಲೈಸೆನ್ಸ್ ಇದ್ದವರು ಅಲ್ಲಿ ಬೇಟೆಯಾಡಬಹುದು. ನಾನು ಪಾರ್ಕಿಂಗ್ ಲಾಟಿನಲ್ಲಿ ಹೀಟರ್ ಹಾಕಿಕೊಂಡು ಕಾಯುತ್ತೇನೆ. ಅವಳು ಸೀರೆಯ ಮೇಲೆ ಬೇಟೆಗಾರರ ಕಿತ್ತಳೆ ಜಾಕೆಟ್ ತೊಟ್ಟು ಒಳಗೆ ಹೋಗುತ್ತಾಳೆ. ಒಮ್ಮೆ ಅದೇ ಜಾಕೆಟ್‌ನಲ್ಲಿ ದೇವಸ್ಥಾನಕ್ಕೂ ಬಂದಳು. ಹೊಸದಾಗಿ ಬಂದಿದ್ದ ಹುಡುಗನೊಬ್ಬ, ಯಾರೋ ಸನ್ಯಾಸಿನಿ ಎಂದುಕೊಂಡು ಕಾಲಿಗೆ ಬಿದ್ದ. ಬೇಡವೆಂದಳೇ? ಗ್ರೀನ್ ಕಾರ್ಡ್ ಬೇಗ ಬರಲಿ ಎಂದು ಹರಸಿ ಕಳಿಸಿದಳು.

ಕೈಯಲ್ಲಿ ಬಂದೂಕಿಲ್ಲ, ಪುಳಿಯೋಗರೆ ಡಬ್ಬಿ. "ಹಾಗಾದ್ರೆ ಲೈಸೆನ್ಸ್ ಯಾಕೇ?" ಎಂದರೆ, "ಆ ದುಡ್ಡಲ್ಲೇ ಅತ್ತಿಗೆ ಪ್ರಾಣಿಗಳನ್ನ ನೋಡ್ಕೊಳ್ಳೋದು. ಅವುಗಳ ಮನೆಗೆ ಬರಿಗೈಲಿ ಹೋಗ್ಲಾ?" ಎಂದು ನನ್ನನ್ನೇ ಕೇಳುತ್ತಾಳೆ.

ಹೀಗಿರುವಾಗ ನಮ್ಮ ಕೌಂಟಿ ಆಡಳಿತದವರು ಆ ಕಾಡನ್ನು ಮಾರುತ್ತಾರಂತೆ, ಅಲ್ಲಿ ಸಾಲುಸಾಲು ಕಂಪ್ಯೂಟರ್ ತುಂಬಿಡುವ ಡೇಟಾ ಸೆಂಟರ್ ಬರುತ್ತದಂತೆ ಎಂಬ ಸುದ್ದಿ ಬಂತು. ಅಂದಿನಿಂದ ಅವಳಿಗೆ ನಿದ್ದೆಯಿಲ್ಲ, ನನಗೆ ಮಸಾಲೆ ಡಬ್ಬಗಳೇ ಸಿಗುವುದಿಲ್ಲ. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟವೊಂದರಲ್ಲಿ ಐಟಿ ಹುಡುಗನೊಬ್ಬ ಸಮಾಧಾನ ಮಾಡಲು ಹೋದ.

"ಆಂಟಿ, ಅದು ಬಂದ್ರೆ ನಮ್ಗೆ ಟ್ಯಾಕ್ಸ್ ಕಡಿಮೆ ಆಗತ್ತೆ. ನಮ್ಮ ಫೋಟೋಸ್ ಎಲ್ಲಾ ಎಲ್ಲಾದ್ರೂ ಸ್ಟೋರ್ ಆಗ್ಬೇಕಲ್ವಾ?"

"ನಿನ್ ಫೋಟೋ ಇಡೋಕೆ ಜಿಂಕೆ ಮನೆ ಖಾಲಿ ಮಾಡ್ಬೇಕಾ? ತೆಗಿ ಫೋನು. ಇದೇನೋ, ಒಂದೇ ಬರ್ಗರ್‌ಗೆ ಆರು ಫೋಟೋ? ಐದು ಡಿಲೀಟ್ ಮಾಡು, ಇಲ್ಲೇ ನಿಂತಿರ್ತೀನಿ."

ಮಾಡಿಸಿಯೇ ಬಿಟ್ಟಳು.

ಕಾಡಿನ ಮಾರಾಟದ ಬಗ್ಗೆ ಜನರ ಅಹವಾಲು ಕೇಳುವ ಪಬ್ಲಿಕ್ ಹಿಯರಿಂಗ್ ದಿನ ಅವಳು ಸಭಾಂಗಣದ ಹಿಂದೆ ಶತಪಥ ಹಾಕುತ್ತಿದ್ದಳು. ಹೆಸರು ಕೂಗಿದಾಗ ಮೈಕಿನ ಮುಂದೆ ನಿಂತವಳಿಗೆ ಮಾತೇ ಹೊರಡಲಿಲ್ಲ. ಜನ್ಮದಲ್ಲಿ ಮೊದಲ ಸಲ! ಆಗ ಅವಳ ಹಿಂದೆ ಸಾಲಿನಲ್ಲಿದ್ದ ಬಾಗಿಲಗಲದ ಒಬ್ಬ ಗಡ್ಡದ ಬೇಟೆಗಾರ ಮುಂದೆ ಬಂದ. ಹೆಸರು ಡೇಲ್.

"ಈ ಅಮ್ಮ ಕಾಡಿನಲ್ಲಿ ನನ್ನ ಪಕ್ಕವೇ ಊಟದ ಡಬ್ಬಿ ಬಿಚ್ಚುತ್ತಾರೆ" ಎಂದು ಇಂಗ್ಲಿಷಿನಲ್ಲಿ ದೂರಿದ. "ಅದರೊಳಗೆ ಇಂಗು ಅಂತೆ. ಗಾಳಿ ಆ ಕಡೆ ಬೀಸಿದರೆ ಜಿಂಕೆಗಳು ಮೇರಿಲ್ಯಾಂಡ್‌ವರೆಗೆ ಓಡುತ್ತವೆ. ಇವರು ಬಂದ ಮೇಲೆ ನನಗೆ ಒಂದೂ ಸಿಕ್ಕಿಲ್ಲ." ಸಭೆಯೆಲ್ಲ ನಕ್ಕಿತು. ಅವನು ನಗಲಿಲ್ಲ. "ನನಗೆ ಬೇಟೆಗೆ ಆ ಕಾಡು ಬೇಕು. ಇವರಿಗೆ ನನ್ನ ಬೇಟೆ ಕೆಡಿಸೋದಕ್ಕೆ ಬೇಕು. ಮಾರಿದರೆ ಇಬ್ಬರಿಗೂ ಇಲ್ಲ."

ತೀರ್ಮಾನ ಮುಂದಿನ ತಿಂಗಳಿಗೆ ಹೋಯಿತು. ಹೊರಗೆ ಬಂದ ಕೂಡಲೇ, "ಕಾಡಿಗೆ ನಡೀರಿ ಅತ್ತಿಗೆ" ಎಂದಳು. ಪಾರ್ಕಿಂಗ್ ಲಾಟಿನಲ್ಲಿ ಕಾದೆ, ಕಾದೆ. ಬೆಳಕು ಇಳಿಯತೊಡಗಿತು. ಬೈದುಕೊಳ್ಳುತ್ತಲೇ, ನಾನು ಅದೇ ಮೊದಲ ಸಲ ಒಳಗೆ ಹೋದೆ.

ಬಿದ್ದ ಮರದ ದಿಮ್ಮಿಯೊಂದರ ಮೇಲೆ ನನ್ನ ನಾದಿನಿ ಕೂತಿದ್ದಳು. ಸುಮ್ಮನೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಅವಳೇ ಹೌದೋ ಅಲ್ಲವೋ ಎಂದು ನಾನು ಕನ್ನಡಕ ಒರೆಸಿಕೊಂಡೆ.

"ಮನೇಲಿ ಒಂದು ಕ್ಷಣ ಕೂರಲ್ವಲ್ಲೇ" ಎಂದೆ.

"ಮನೇಲಿ ಎಲ್ಲಿ ಕೂತ್ರೂ ಎದುರಿಗೆ ಅಣ್ಣನ ಕುರ್ಚಿ ಕಾಣತ್ತೆ ಅತ್ತಿಗೆ. ಇಲ್ಲಿ ಯಾರ ಕುರ್ಚಿನೂ ಇಲ್ಲ." ಸ್ವಲ್ಪ ಸರಿದು ಜಾಗ ಮಾಡಿದಳು. "ಕೂತ್ಕೊಳ್ಳಿ."

ಕೂತೆ. ಆ ಕುರ್ಚಿಯ ಧೂಳು ದಿನವೂ ಒರೆಸುವವಳು ನಾನೇ. ಅವಳಿಗೂ ಅದು ಕಾಣುತ್ತದೆಂದು ನನಗೇಕೆ ಹೊಳೆದಿರಲಿಲ್ಲ? ಎದುರಿನ ಪೊದೆಯಿಂದ ಜಿಂಕೆಯೊಂದು ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿತು. ಆ ದಿನ ಡಬ್ಬಿ ತಂದಿರಲಿಲ್ಲವಲ್ಲ, ಅದು ಓಡಲಿಲ್ಲ.

ಮುಂದಿನ ತಿಂಗಳು ಏನು ತೀರ್ಮಾನವಾಗುತ್ತದೋ ಗೊತ್ತಿಲ್ಲ. ಈಗೀಗ ನನಗೂ ಮನೆಯಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಅವಳ ಕಾಫಿ ಮುಗಿಯುವ ಮುಂಚೆಯೇ ಶೂ ಹಾಕಿಕೊಂಡು, ಕಾರಿನ ಕೀ ಹಿಡಿದು, ಬಾಗಿಲಲ್ಲಿ ನಿಂತು "ಏಳೇ" ಎನ್ನುವವಳು ನಾನು.