ಒಂದೂಕಾಲು ಜನಕ್ಕಾಗುವಷ್ಟು ಮೈಲಿ

ದೆಹಲಿಯ ಮೇಲೆ ಮಂಜು ಕವಿದು, ವಿಮಾನ ಇಳಿಯಲಾಗದೆ ಆಕಾಶದಲ್ಲೇ ಗಿರಕಿ ಹೊಡೆಯುತ್ತಿದ್ದರೆ ನೀವು ಏನು ಮಾಡುತ್ತೀರಿ? ಮನೆದೇವರಿಗೆ ಹರಕೆ ಹೊರುತ್ತೀರಿ. ಪಕ್ಕದ ಸೀಟಿನವರ ಕೈ ಹಿಡಿದುಕೊಳ್ಳುತ್ತೀರಿ. ನಮ್ಮ ಸೋದರಮಾವ ಗಗನಸಖಿಯನ್ನು ಹತ್ತಿರ ಕರೆದು, ತಮ್ಮ ಭದ್ರಾವತಿ ಹಿಂದಿಯಲ್ಲಿ, "ಅಮ್ಮಾ, ಈ ಸುತ್ತು ಹಾಕ್ತಿರೋದೂ ನನ್ನ ಮೈಲಿಗೆ ಸೇರುತ್ತಾ?" ಎಂದು ಕೇಳಿದರು! ಸೇರುವುದಿಲ್ಲ ಎಂದಳು ಆ ಹುಡುಗಿ. "ಮತ್ಯಾಕೆ ಸುಮ್ನೆ ಸುತ್ತೋದು? ಬೇಗ ಇಳಿಸೋಕೆ ಹೇಳು" ಎಂದು ಕಣ್ಣು ಮುಚ್ಚಿ ನಿದ್ದೆ ಹೋದರಂತೆ. ಇಂಥವರು ನಮ್ಮ ವಂಶಕ್ಕೆ ಒಬ್ಬರೇ ಇರುವುದು, ದೇವರು ದೊಡ್ಡವನು.

ಮಾವ ಭದ್ರಾವತಿಯ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಕುಲುಮೆಯ ಒಳಮೈಗೆ ಬೆಂಕಿ ತಡೆಯುವ ಇಟ್ಟಿಗೆ ಕಟ್ಟುವುದರಲ್ಲಿ ಎತ್ತಿದ ಕೈ. ತೊಂಬತ್ತರ ದಶಕದ ಕೊನೆಗೆ ಅವಧಿಗೆ ಮೊದಲೇ ನಿವೃತ್ತಿ ತಗೊಂಡು ಮನೆಯಲ್ಲಿ ಕೂತರು. ಕೂತರು ಅಂದೆನೇ? ಕೂರಲು ಯಾರು ಬಿಟ್ಟರು! ಉತ್ತರದ ಕಡೆಯ ಕಾರ್ಖಾನೆಗಳವರು ಕುಲುಮೆ ಬಿರುಕು ಬಿಟ್ಟಾಗಲೆಲ್ಲ ಇವರಿಗೆ ವಿಮಾನದ ಟಿಕೆಟ್ ಕಳಿಸಿ ಕರೆಸಿಕೊಳ್ಳತೊಡಗಿದರು. ಮಾವ ಬೆಂಗಳೂರಿನವರೆಗೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಿ, ಅಲ್ಲಿಂದ ಹಾರುತ್ತಿದ್ದರು. ಇಳಿದ ಊರಿನಲ್ಲಿ ಕಂಪನಿಯ ಡ್ರೈವರ್ ಒಬ್ಬ ಇವರ ಹೆಸರು ಬರೆದ ಬೋರ್ಡು ಹಿಡಿದು ನಿಂತಿರುತ್ತಿದ್ದ. ಈ ಬೋರ್ಡಿನ ಕಥೆಯನ್ನು ಮಾವ ನನಗೆ ನೂರು ಸಲವಾದರೂ ಹೇಳಿದ್ದಾರೆ.

"ನಮ್ಮಪ್ಪ ಲಗ್ನಪತ್ರಿಕೇಲೂ ನನ್ನ ಹೆಸರನ್ನ ಅಷ್ಟು ದೊಡ್ಡದಾಗಿ ಹಾಕ್ಸಿರ್ಲಿಲ್ಲ ಮಾರಾಯ್ತಿ!"

ಲಗ್ನಪತ್ರಿಕೆಯಲ್ಲಿ ಇನ್ನೊಂದು ಹೆಸರೂ ಇತ್ತಲ್ಲ, ಅದರ ಗತಿ ಕೇಳಿ. ನಮ್ಮತ್ತೆ ಹೊಳಲೂರಿನವರು. ಅವರನ್ನು ಮಾವ ಕರೆಯುವುದು "ಏ, ಕೇಳಿಸ್ತಾ?" ಎಂದು. ಅತ್ತೆ ಮಾವನನ್ನು ಕರೆಯುವುದು "ಏನ್ರೀ" ಎಂದು. ಒಂದು 'ಕೇಳಿಸ್ತಾ'ಗೆ ಒಂದು 'ಏನ್ರೀ', ಹೀಗೆ ಮೂವತ್ತು ವರ್ಷದ ಸಂಸಾರ ಸಾಗಿತ್ತು. ಉಳಿದವರಿಗೆ ಅವರು ಅತ್ತೆ, ಅಕ್ಕ, ಚಿಕ್ಕಮ್ಮ. ಅವರ ಹೆಸರು ಸರ್ವಮಂಗಳ ಎಂದು ನನಗೇ ಗೊತ್ತಾದದ್ದು ರೇಷನ್ ಕಾರ್ಡಿನ ಅರ್ಜಿ ತುಂಬಿಕೊಟ್ಟಾಗ. "ನಿಮಗೆ ಹೆಸರೂ ಇದೆಯಾ ಅತ್ತೆ?" ಎಂದು ನಕ್ಕಿದ್ದೆ. "ಇತ್ತು ಕಣೇ, ಶಾಲೇಲಿ" ಎಂದಿದ್ದರು. ಆಗ ಅದೂ ನನಗೆ ನಗುವ ಮಾತೇ ಆಗಿತ್ತು.

ಹೀಗೆ ಹಾರಾಡುತ್ತಿರುವಾಗ ವಿಮಾನದ ಕಂಪನಿಯೊಂದು ಮಾವನಿಗೆ ಒಂದು ಕಾರ್ಡು ಕೊಟ್ಟಿತು. ಹಾರಿದಷ್ಟೂ ಮೈಲಿ ಕೂಡುತ್ತಾ ಹೋಗುತ್ತದೆ, ಸಾಕಷ್ಟು ಕೂಡಿದ ಮೇಲೆ ಪುಕ್ಕಟೆ ಟಿಕೆಟ್! ಅಂದಿನಿಂದ ಮಾವನ ತಲೆಗೆ ಮೈಲಿಯ ಭೂತ ಹೊಕ್ಕಿತು ನೋಡಿ. ನೇರ ದಾರಿ ಎಂಬುದು ಅವರ ನಿಘಂಟಿನಿಂದಲೇ ಮಾಯವಾಯಿತು. ಬೆಂಗಳೂರಿನಿಂದ ರಾಯಪುರಕ್ಕೆ ಹೋಗಬೇಕಾದವರು ದೆಹಲಿ ಮುಟ್ಟಿಕೊಂಡು ಹೋಗುತ್ತಿದ್ದರು. ಆಯುಧಪೂಜೆಯ ದಿನ ಸ್ಕೂಟರಿನ ಜೊತೆಗೆ ಕಾರ್ಡಿಗೂ ಪೂಜೆಯಾಗುತ್ತಿತ್ತು. ಮುಂದಿನ ಸಲ ವಿಮಾನ ನಿಲ್ದಾಣದಲ್ಲಿ ಯಂತ್ರ ಆ ಕಾರ್ಡನ್ನು ಓದಲೇ ಇಲ್ಲ. ಕೌಂಟರಿನವರು ಕರವಸ್ತ್ರ ಒದ್ದೆ ಮಾಡಿಕೊಂಡು ಕುಂಕುಮ ಒರೆಸಬೇಕಾಯಿತಂತೆ.

ಶಿವಮೊಗ್ಗ–ಭದ್ರಾವತಿ ಬಸ್ಸಿನ ಕಂಡಕ್ಟರ್ ಬಾಷಾನನ್ನೂ ಬಿಡಲಿಲ್ಲ. "ಇಪ್ಪತ್ತು ವರ್ಷದಿಂದ ನಿನ್ನ ಬಸ್ಸಲ್ಲಿ ಓಡಾಡ್ತಿದೀನಿ, ನೀನೂ ಒಂದು ಪಾಯಿಂಟು ಗೀಯಿಂಟು ಇಡಬಾರದೇನಯ್ಯಾ?"

"ಅರೇ, ಎಷ್ಟು ಬೇಕು ಹೇಳಿ ಅಣ್ಣಾ, ಈಗ್ಲೇ ಕೊಡ್ತೀನಿ" ಎಂದ ಬಾಷಾ. "ಚಿಲ್ಲರೆ ಒಂದು ಮಾತ್ರ ಕೇಳಬೇಡಿ."

ಬಾಷಾ ಕೊಡದಿದ್ದರೇನಂತೆ, ಮಾವ ಮನೆಯಲ್ಲೇ ಶುರು ಮಾಡಿದರು. ಬರುವ ನೆಂಟರಿಗೆಲ್ಲ ದರ್ಜೆ! ಅಪರೂಪಕ್ಕೆ ಬರುವವರು ಸಾದಾ: ಕಾಫಿ ಮಾತ್ರ. ತಿಂಗಳಿಗೊಮ್ಮೆ ಬಂದರೆ ಬೆಳ್ಳಿ: ಕಾಫಿಗೆ ಚಕ್ಕುಲಿ ಸೇರುತ್ತದೆ. ನಾನು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದುಕೊಂಡು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು, ಭಾನುವಾರ ತಪ್ಪಿದರೂ ಅವರ ಮನೆಗೆ ಹೋಗುವುದು ತಪ್ಪಿಸುತ್ತಿರಲಿಲ್ಲ. ಹಾಗಾಗಿ ನಾನು ಚಿನ್ನದ ದರ್ಜೆ. ಫ್ಯಾನಿನ ಕೆಳಗಿನ ಬೆತ್ತದ ಕುರ್ಚಿ ನನ್ನದೇ. ನಮ್ಮ ಯಜಮಾನರು ವರ್ಷಕ್ಕೊಮ್ಮೆ ಬರುವವರು, ಅಳಿಯನಾದರೂ ಮೋಟು ಸ್ಟೂಲು!

ಇಷ್ಟೆಲ್ಲ ಕುಣಿತ ಯಾತಕ್ಕೆ ಅಂತೀರಿ? ಮಾವನ ಹುಚ್ಚಿಗೆ ಒಂದು ಗುರಿ ಇತ್ತು. ಪ್ರತಿ ಸಲ ಅವರು ಹೊರಡುವಾಗಲೂ ಅತ್ತೆ ಬಸ್‌ಸ್ಟ್ಯಾಂಡಿನವರೆಗೆ ಬಂದು ರೊಟ್ಟಿ ಬುತ್ತಿ ಕೈಗಿಡುತ್ತಿದ್ದರು. ವಾಪಸು ಬರುವ ದಿನ ಬಸ್ಸು ಎಷ್ಟು ತಡವಾದರೂ ಅಲ್ಲೇ ಬೆಂಚಿನ ಮೇಲೆ ಕಾದಿರುತ್ತಿದ್ದರು. ಬಂದವರನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮೋಡದ ಮೇಲೆ ಹೇಗಿರುತ್ತೆ ರೀ?" ಮಾವ ಬಣ್ಣಿಸಿ ಬಣ್ಣಿಸಿ ಸಾಕಾಗಿ ಒಂದು ದಿನ ಮಾತು ಕೊಟ್ಟುಬಿಟ್ಟರು. "ಇಬ್ಬರಿಗೆ ಸಾಕಾಗೋಷ್ಟು ಮೈಲಿ ಆಗ್ಲಿ. ನಿನ್ನನ್ನ ಮೇಲಕ್ಕೆ ಕರ್ಕೊಂಡು ಹೋಗ್ತೀನಿ."

"ನಿಮ್ಮ ಮೈಲಿ ಆಗೋದ್ರೊಳಗೆ ಮೇಲಕ್ಕೆ ನಾನೊಬ್ಬಳೇ ಹೋಗಿರ್ತೀನಿ ಬಿಡಿ" ಎಂದರು ಅತ್ತೆ, ಒಗ್ಗರಣೆ ಹಾಕುತ್ತಾ.

ಮೈಲಿ ಆಗುತ್ತಾ ಬಂತು. ಇನ್ನೊಂದು ಪ್ರಯಾಣ ಆದರೆ ಇಬ್ಬರಿಗೂ ದೆಹಲಿಗೆ ಹೋಗಿಬರುವಷ್ಟು ಕೂಡುತ್ತದೆ ಎನ್ನುವಾಗ ಕಂಪನಿಯಿಂದ ಕಾಗದ ಬಂತು. ನುಣುಪಾದ ಕಾಗದ, ಮೇಲೆ ನಗುವ ಗಗನಸಖಿಯ ಚಿತ್ರ. ಮಾವ ಪುಕ್ಕಟೆ ಟಿಕೆಟ್ಟೇ ಬಂತೆಂದು ಫೋನು ಮಾಡಿ ನನ್ನನ್ನು ಶಿವಮೊಗ್ಗದಿಂದ ಕರೆಸಿದರು. ನಾನು ಓದಿದೆ. ಓದುತ್ತಾ ಓದುತ್ತಾ ನನ್ನ ದನಿ ಇಳಿಯಿತು. ನಿಯಮಗಳು ಬದಲಾಗಿದ್ದವು. ಒಂದು ಟಿಕೆಟ್ಟಿಗೆ ಇನ್ನು ಮುಂದೆ ಹೆಚ್ಚು ಮೈಲಿ ಬೇಕು. ಹಬ್ಬ, ರಜೆಗಳ ದಿನ ಪುಕ್ಕಟೆ ಟಿಕೆಟ್ ನಡೆಯುವುದಿಲ್ಲ. ಮತ್ತೆ, ಹಳೆಯ ಮೈಲಿಗಳನ್ನೆಲ್ಲ ಈ ವರ್ಷ ಮುಗಿಯುವುದರೊಳಗೆ ಬಳಸದಿದ್ದರೆ ಅವು ರದ್ದು.

"ರದ್ದು ಅಂದ್ರೆ?" ಎಂದರು ಮಾವ.

"ರದ್ದು ಅಂದ್ರೆ ರದ್ದು ಮಾವ. ಹಾರಿದ್ದೂ ಹಾರದಿದ್ದ ಹಾಗೆ."

ಮಾವ ಅಂಗಿ ತೊಟ್ಟರು, ಬಿಚ್ಚಿದರು, ಮತ್ತೆ ತೊಟ್ಟರು. ಆಮೇಲೆ ಕೂತು ನನ್ನಿಂದ ಕಾಗದ ಬರೆಸಿದರು. ಅವರು ಕುಲುಮೆಯ ಭಾಷೆಯಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ತಣ್ಣಗೆ ಮಾಡಿ ಬರೆಯುವುದು. "ಬರಿ: ಮಹಾಸ್ವಾಮಿಗಳೇ, ಕುಲುಮೆ ಅರ್ಧ ಕಟ್ಟಿಸ್ಕೊಂಡ ಮೇಲೆ 'ಇಟ್ಟಿಗೆ ಅಳತೆ ಬದಲಾಯ್ಸಿದೀವಿ, ಹಳೇದೆಲ್ಲ ಕಿತ್ತು ಹಾಕು' ಅಂದ್ರೆ ಕಟ್ಟೋನು ನಿಮ್ಮ ತಲೆ ಮೇಲೆ ಕಟ್ಟಬೇಕಾ?" ತಲೆಯನ್ನು ನಾನು ಬಿಟ್ಟೆ. ಬಿಟ್ಟದ್ದನ್ನು ಹೇಗೋ ಪತ್ತೆ ಮಾಡಿ ಅಂಚಿನಲ್ಲಿ ಕೈಯಾರೆ ಕನ್ನಡದಲ್ಲಿ ಸೇರಿಸಿದರು.

ಒಂದಲ್ಲ, ಐದು ಕಾಗದ ಹೋದವು. ಐದಕ್ಕೂ ಒಂದೇ ಉತ್ತರ ಬಂತು: ಗ್ರಾಹಕರಿಗೆ ಇನ್ನೂ ಉತ್ತಮ ಸೇವೆ ನೀಡುವ ಸಲುವಾಗಿಯೇ ಈ ಬದಲಾವಣೆ.

"ಉತ್ತಮ ಸೇವೆ ಅಂತೆ!" ಮಾವ ಉರಿದುಬಿದ್ದರು. "ಉಣ್ತಾ ಇರೋ ಎಲೆ ಎಳ್ಕೊಂಡು 'ನಿಮ್ಮ ಆರೋಗ್ಯಕ್ಕೇ ಸ್ವಾಮಿ' ಅಂದ ಹಾಗಾಯ್ತು!"

ಅತ್ತ ಸಿಟ್ಟು ನಾಟದಿದ್ದಾಗ ಇತ್ತ ತಿರುಗುತ್ತದಲ್ಲವೇ? ಮುಂದಿನ ಭಾನುವಾರ ನಾನು ಹೋದರೆ ಬೆತ್ತದ ಕುರ್ಚಿಯ ಮೇಲೆ ಮಾವನೇ ಕೂತಿದ್ದಾರೆ. "ನಿಯಮ ಬದಲಾಗಿದೆ. ಹೋದ ವರ್ಷ ನೀನು ಬಂದಿದ್ದೆಲ್ಲ ರದ್ದು. ಸಾದಾದಿಂದ ಶುರು ಮಾಡು" ಎಂದರು. ಯುಗಾದಿಗೆ ಹೋದಾಗಂತೂ ಹಬ್ಬದ ದಿನ ಯಾವ ದರ್ಜೆಯೂ ನಡೆಯುವುದಿಲ್ಲ ಎಂದು ಹೋಳಿಗೆಗೇ ಅಡ್ಡ ನಿಂತರು. ನನಗೂ ರೇಗಿತು. ಇಷ್ಟು ವರ್ಷ ಬಸ್ಸಿನಲ್ಲಿ ನೇತಾಡಿಕೊಂಡು ಬಂದಿದ್ದಕ್ಕೆ ಬೆಲೆಯೇ ಇಲ್ಲವೇ ಎಂದು ಜಗಳ ತೆಗೆದೆ. "ಹಾಂ! ಈಗ ಗೊತ್ತಾಯ್ತಾ ನನ್ನ ಹೊಟ್ಟೆ ಉರಿ?" ಎಂದು ಅವರು ಕುರ್ಚಿ ಬಿಟ್ಟುಕೊಟ್ಟರು. ಅತ್ತೆ ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ನನ್ನ ಚೀಲಕ್ಕೆ ಆರು ಹೋಳಿಗೆ ಸೇರಿಸಿ ಆಗಿತ್ತು.

ಹೀಗೇ ದೀಪಾವಳಿಯೂ ಬಂತು, ವರ್ಷ ಮುಗಿಯಲು ಎರಡೇ ತಿಂಗಳು ಉಳಿಯಿತು. ಕುಲುಮೆಗಳಿಗೆ ಅದೇನು ಆರೋಗ್ಯವೋ, ಒಂದೂ ಬಿರುಕು ಬಿಡಲಿಲ್ಲ. ಕೊನೆಗೆ ಮಾವ ನನ್ನನ್ನು ಕರೆದುಕೊಂಡು ಶಿವಮೊಗ್ಗದ ದುರ್ಗಿಗುಡಿಯ ಟಿಕೆಟ್ ಏಜೆಂಟನ ಹತ್ತಿರ ಹೋದರು. ಅವನು ಕಂಪ್ಯೂಟರು ಕುಟ್ಟಿ ಕುಟ್ಟಿ ಕೊನೆಗೆ, "ಒಬ್ಬರು ದೆಹಲಿಗೆ ಹೋಗಿಬರಬಹುದು ಸಾರ್. ಅದರ ಮೇಲೆ ಒಂಚೂರು ಉಳಿಯುತ್ತೆ. ಒಂದೂಕಾಲು ಜನಕ್ಕೆ ಆಗುತ್ತೆ ಅನ್ನಿ" ಎಂದ.

"ಒಂದೂಕಾಲು ಅಂದ್ರೆ ನಿಮ್ಮತ್ತೆ ಪೂರ್ತಿ, ನಾನು ಮೊಣಕಾಲಿನ ತನಕ" ಎಂದರು ಮಾವ. ಆದರೆ ನಗಲಿಲ್ಲ.

ಇನ್ನೊಂದು ಟಿಕೆಟ್ಟನ್ನು ದುಡ್ಡು ಕೊಟ್ಟೇ ತಗೊಳ್ಳಿ ಎಂದೆ. "ದುಡ್ಡು ಕೊಟ್ರೆ ಅವರು ಗೆದ್ದ ಹಾಗೆ!" ಎಂದು ಗುಡುಗಿದರು. ಹೊರಗೆ ಬಂದು ಗಾಡಿಯವನಿಗೆ ಎರಡು ಲೋಟ ಕಬ್ಬಿನ ಹಾಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಅವಳನ್ನ ನೀನು ಬೆಂಗಳೂರಲ್ಲಿ ಹತ್ತಿಸು. ನಾನು ಮೂರು ದಿನ ಮುಂಚೆ ರೈಲಲ್ಲಿ ಹೋಗಿ ದೆಹಲೀಲಿ ನಿಂತಿರ್ತೀನಿ" ಎಂದರು.

ಅತ್ತೆ ಕೇಳಿ ಹೌಹಾರಿದರು. ಹತ್ತಿರದ ಆಯನೂರಿಗೂ ಒಬ್ಬರೇ ಹೋದವರಲ್ಲ ಅವರು! "ಅಯ್ಯೋ ನನಗೆ ಬೇಡ್ರೀ, ನೀವೇ ಹೋಗಿ ಬನ್ನಿ."

"ನಾನು ಹೋಗಿ ಏನು ನೋಡ್ಲಿ? ಮಾತು ಕೊಟ್ಟಿದ್ದು ನಿನಗೆ" ಎಂದರು ಮಾವ.

ಎಂಟು ದಿನ ನಡುಮನೆಯಲ್ಲಿ ತರಬೇತಿ ನಡೆಯಿತು. ಊಟದ ಕುರ್ಚಿಗಳೆಲ್ಲ ಸಾಲಾಗಿ ನಿಂತವು. ಮಾವನ ಪ್ಯಾಂಟಿನ ಬೆಲ್ಟೇ ಸೀಟಿನ ಬೆಲ್ಟು. ಮಾವನೇ ಗಗನಸಖಿ! ಟವೆಲ್ಲನ್ನು ಕುತ್ತಿಗೆಗೆ ಕಟ್ಟಿಕೊಂಡು, ತಟ್ಟೆಯಲ್ಲಿ ಪೆಪ್ಪರಮಿಂಟು ಹಿಡಿದು, "ವೆಲ್ಕಂ ಮೇಡಂ" ಎಂದು ಬಾಗುತ್ತಿದ್ದರು. ಕಿಟಕಿ ಪಕ್ಕದ ಸೀಟೇ ಕೇಳಬೇಕು, ಕಿವಿ ಕಟ್ಟಿದರೆ ಎಂಜಲು ನುಂಗಬೇಕು, ಎಲ್ಲ ಪಾಠವಾಯಿತು. "ಇಳಿದ ಮೇಲೆ ಕಳೆದುಹೋದ್ರೆ?" ಎಂದು ಅತ್ತೆ ದಿನಕ್ಕೆ ಹತ್ತು ಸಲ ಕೇಳಿದರು. "ಜನ ಹೋದ ಕಡೆ ಹೋಗು. ಕೊನೇಲಿ ನಾನಿರ್ತೀನಿ" ಎಂಬುದು ಪ್ರತಿ ಸಲದ ಉತ್ತರ.

ಆ ದಿನ ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಅತ್ತೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿದ ಗುರುತು ಸಂಜೆಯವರೆಗೂ ಇತ್ತು. ಮದುವೆಗೆ ಉಡುವ ರೇಷ್ಮೆ ಸೀರೆ, ಕೈಯಲ್ಲಿ ರೊಟ್ಟಿಯ ಗಂಟು. ಈ ಸಲ ಬುತ್ತಿ ಕಟ್ಟಿಕೊಂಡಿದ್ದು ತಮಗೇ. ಒಳಗೆ ಹೋಗುವಾಗ ನಾಲ್ಕು ಸಲ ತಿರುಗಿ ನೋಡಿದರು. ನಾನು ನಗುತ್ತಾ ಕೈ ಬೀಸಿದೆ. ಅವರು ಮರೆಯಾದ ಮೇಲೆ ನನಗೇ ಅಳು ಬಂತು.

ಮುಂದಿನದು ಅತ್ತೆಯೇ ಹೇಳಿದ್ದು. ಮಧ್ಯಾಹ್ನ ದೆಹಲಿಯಲ್ಲಿ ಇಳಿದು, ಜನ ಹೋದ ಕಡೆ ಹೋಗಿ, ಹೊರಗೆ ಬಂದರೆ ಕಟಕಟೆಯ ಆಚೆ ಸಾಲಾಗಿ ಡ್ರೈವರುಗಳು, ಎಲ್ಲರ ಕೈಯಲ್ಲೂ ಇಂಗ್ಲಿಷಿನ ಬೋರ್ಡುಗಳು. ನಡುವೆ ಒಂದೇ ಒಂದು ಕನ್ನಡದ್ದು. ಸೀರೆ ಡಬ್ಬಿಯ ರಟ್ಟಿನ ಮೇಲೆ, ಇಟ್ಟಿಗೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ, ಗೇಣುದ್ದದ ಅಕ್ಷರ: ಶ್ರೀಮತಿ ಸರ್ವಮಂಗಳ, ಭದ್ರಾವತಿ.

ಅತ್ತೆ ಓದಿದರು. ಓದಿ, ಮುಂದೆ ಹೋಗಿಬಿಟ್ಟರು! "ಯಾರೋ ನಮ್ಮ ಕಡೇ ದೊಡ್ಡ ಹೆಂಗಸು ಬರೋರಿದಾರೆ ಅಂದ್ಕೊಂಡೆ ಕಣೇ. ನನಗ್ಯಾರು ಬೋರ್ಡು ಹಿಡೀತಾರೆ?" ಬೋರ್ಡನ್ನು ಮುಖಕ್ಕೇ ಅಡ್ಡ ಹಿಡಿದಿದ್ದ ಮಾವ ಪಕ್ಕದಿಂದ ಇಣುಕಿ ನೋಡಿದರೆ ಹೆಂಡತಿಯ ಬೆನ್ನು ಕಾಣುತ್ತಿದೆ. "ಏ, ಕೇಳಿಸ್ತಾ?" ಎಂದರು. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಆಗ ಮದುವೆಯಾದ ಮೇಲೆ ಮೊದಲ ಸಲ, ಅಷ್ಟೂ ಡ್ರೈವರುಗಳ ಎದುರು, ಗಂಟಲು ಹರಿಯುವಂತೆ ಕೂಗಿದರು: "ಸರ್ವಮಂಗಳಾ!"

ಅತ್ತೆ ನಿಂತಲ್ಲೇ ನಿಂತರು. ಮಾವ ಬೆಳಗಿನ ಆರು ಗಂಟೆಯಿಂದ ಅಲ್ಲೇ ನಿಂತಿದ್ದರಂತೆ. ಅದು ತಿಳಿದಾಗ ಅತ್ತೆಗೆ ಅಳು ಬಂತಂತೆ. "ಬಸ್‌ಸ್ಟ್ಯಾಂಡಲ್ಲಿ ನೀನು ಕೂತಿದ್ದಕ್ಕಿಂತ ಜಾಸ್ತಿ ಏನಿಲ್ಲ, ನಡಿ" ಎಂದರಂತೆ ಮಾವ.

ಕಥೆ ಮುಗಿಯಲಿಲ್ಲ. ವಾಪಸು ಬರುವಾಗ ಅತ್ತೆ, ನಾನೂ ನಿಮ್ಮ ಜೊತೆ ರೈಲಲ್ಲೇ ಬರ್ತೀನಿ ಎಂದು ಹಟ ಹಿಡಿದರು. ಹಾಗೇ ಬಂದರು. ವಾಪಸು ಬರುವ ವಿಮಾನದ ಟಿಕೆಟ್ಟು ತನ್ನ ಪಾಲಿನ ಮೈಲಿಯನ್ನೆಲ್ಲ ನುಂಗಿಕೊಂಡು ದಂಡವಾಯಿತು. ಒಂದು ಸುತ್ತಿನ ಮೈಲಿಗಾಗಿ ಆಕಾಶದಲ್ಲೇ ಜಗಳ ತೆಗೆದ ಮನುಷ್ಯ! ನಾನು ಪೆನ್ನು ತಗೊಂಡೇ ಭದ್ರಾವತಿಗೆ ಹೋಗಿ, "ಕಾಗದ ಬರೆಯೋಣ್ವಾ ಮಾವ?" ಎಂದೆ.

"ಬೇಡ ಕಣೇ" ಎಂದರು. "ರೈಲಲ್ಲಿ ಎರಡು ದಿನಾನೂ ಮೋಡದ ಮೇಲೆ ಹೇಗಿರುತ್ತೆ ಅಂತ ನನಗೆ ಹೇಳ್ತಾ ಬಂದ್ಲು. ನಿಲ್ಲಿಸೋಕೆ ಮನಸ್ಸಾಗ್ಲಿಲ್ಲ."

ಆ ರಟ್ಟು ಈಗ ಅತ್ತೆಯ ಅಡುಗೆಮನೆಯಲ್ಲಿ, ಮೆಣಸಿನಪುಡಿ ಡಬ್ಬಿಗಳ ಹಿಂದೆ ನಿಂತಿದೆ. ಸೀಮೆಸುಣ್ಣ ಅಳಿಸೀತೆಂದು ಅದರ ಮುಂದೆ ಒರೆಸುವ ಬಟ್ಟೆಯನ್ನೂ ಆಡಿಸುವುದಿಲ್ಲ. ಮಾವನಿಗೂ ದೆಹಲಿಯಲ್ಲಿ ಬಾಯಿ ಬಿಟ್ಟಿದ್ದು ಅಭ್ಯಾಸವಾಗಿ, ಈಗ ಹೆಂಡತಿಯನ್ನು ಹೆಸರು ಹಿಡಿದೇ ಕರೆಯುತ್ತಾರೆ. ಅತ್ತೆ ಮಾತ್ರ ಒಂದು ಸಲ ಕರೆದರೆ ಓಗೊಡುವುದಿಲ್ಲ. ಕಿವಿ ಮಂದವಾಯಿತೇನೋ ಎಂದು ನಾನು ಗಾಬರಿಯಿಂದ ಕೇಳಿದರೆ, ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಕೇಳಿಸುತ್ತೆ ಕಣೇ. ಸುಮ್ನಿದ್ರೆ ಇನ್ನೊಂದ್ಸಲ ಕರೀತಾರೆ."