ಸಿದ್ದಪ್ಪನ ಲಾರಿಗೆ ನಾನು ಕೊಡಿಸಿದ ಆನೆ ಆಯ

ನಾನು ನಿಂತದ್ದು ನಮ್ಮೂರ ಅಗಸಿಬಾಗಿಲ ಒಳಮಗ್ಗಲು, ಎಡಗಡೆಯ ಕಟ್ಟೆಯ ಮೇಲೆ. ಮಹಾಯುದ್ಧ ಮುಗಿದ ಮರುವರ್ಷ, ಸೋಮವಾರ ಮುಂಜಾನೆ. ಶಾಲೆಯ ಗಂಟೆ ಹೊಡೆಯಲು ಇನ್ನೂ ಕಾಲು ತಾಸಿತ್ತು. ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಲೆಕ್ಕ ಕಲಿಸುವವನಿಗೆ ಲೆಕ್ಕ ಬರುತ್ತದೆಂದು ಲೋಕ ನಂಬಿದೆ. ಆ ಮುಂಜಾನೆಯವರೆಗೆ ನಾನೂ ನಂಬಿದ್ದೆ.

ನಮ್ಮದು ಮೂಡಲಗಿಗೆ ಹರದಾರಿ ದೂರದ ಊರು. ನಾನು ಅಲ್ಲಿಯ ಕನ್ನಡ ಶಾಲೆಯ ಮಾಸ್ತರ. ಬಾಜೂ ಮನೆಯ ಸಿದ್ದಪ್ಪ ಎಲ್ಲಿಂದಲೋ ಒಂದು ಹಳೆಯ ಲಾರಿ ತಂದ. ಅದು ಮೊದಲ ದಿನವೇ ಅಗಸಿಯ ಮೇಲಿನ ಕಲ್ಲುತೊಲೆಗೆ ತಾಗಿ ನಿಂತಿತು. ಕಲ್ಲನ್ನು ಮುಟ್ಟಲು ಊರವರು ಒಪ್ಪಲಿಲ್ಲ. ಮಾವುತರು ಆನೆಯನ್ನು ಕೂರಿಸುವ ಹಾಗೆ ಸಿದ್ದಪ್ಪ ಲಾರಿಯನ್ನೇ ಕೂರಿಸಿದ: ಗಾಲಿಯ ಮೇಲಿನ ಕಮಾನು ಪಟ್ಟಿಗಳಲ್ಲಿ ಅರ್ಧ ತೆಗೆಸಿ ಕುಳ್ಳ ಮಾಡಿದ. ಆಮೇಲೆ ಒಂದು ವರ್ಷ ಉಪ್ಪು ಹೇರಿದ. ತಗಡಿನ ತಳವನ್ನು ಮೇಲಿನಿಂದ ಉಪ್ಪು ತಿಂದಿತು. ಹೇರು ಬಿದ್ದಾಗಲೆಲ್ಲ ಗಾಲಿಗಳು ಕೆಳಗಿನಿಂದ ಉಜ್ಜಿ ತಿಂದವು. ಒಮ್ಮೆ ನಾನು ಅದರಲ್ಲಿ ಗೋಕಾಕಕ್ಕೆ ಹೋದಾಗ ನನ್ನ ಎರಡು ಕಾಲುಗಳ ನಡುವೆ ರಸ್ತೆ ಹಿಂದಕ್ಕೆ ಓಡುವುದನ್ನು ನೋಡುತ್ತ ಕೂತಿದ್ದೆ. ಊರು ಬೇಗ ಬಂದಂತೆ ಅನಿಸಿತು.

ತುಕ್ಕು ಹಿಡಿದ ತಳ ಕಿತ್ತು, ಹಲಗೆಯ ಹೊಸ ತಳವನ್ನು ಗಾಲಿಗೆ ತಾಗದಂತೆ ಒಂದು ಗೇಣು ಎತ್ತರಿಸಿ ಕೂರಿಸುವ ಕೆಲಸ ಕಾಳಪ್ಪ ಬಡಿಗೇರನಿಗೆ ಬಂತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸ ಬಂಡಿಯ ಮೊದಲ ಹೇರಿನ ಮೇಲೆ ಅದನ್ನು ಮಾಡಿದ ಬಡಿಗನೇ ಕೂತು ಅಗಸಿ ದಾಟಬೇಕು. ತಾನು ಮಾಡಿದ್ದರ ಮೇಲೆ ತಾನೇ ಕೂರದಿದ್ದರೆ ಬೇರೆಯವರು ಯಾವ ಧೈರ್ಯದಿಂದ ಕೂರಬೇಕು? ಸಿದ್ದಪ್ಪ ಇದನ್ನು ನೆನೆದು, ಕೋಲು ಹಿಡಿದು ಅಗಸಿಯನ್ನು ಅಳೆದ. ಒಂದು ಗೇಣು ಎತ್ತರಿಸಿದ ತಳ, ಅದರ ಮೇಲೆ ಬೆಲ್ಲದ ಪೆಂಟೆಗಳು, ಅವುಗಳ ಮೇಲೆ ಕೂತ ಕಾಳಪ್ಪ, ಅವನ ರುಮಾಲು. ಎಲ್ಲ ಸೇರಿ ಕಲ್ಲಿಗೆ ಇನ್ನೂ ಎರಡು ಬೆರಳು ಉಳಿಯುತ್ತಿತ್ತು. ಅಳತೆ ಬರೆದುಕೊಂಡವನು ನಾನು.

ಮರುದಿನ ಸಿದ್ದಪ್ಪ ಮೊಳೆ, ಪಟ್ಟಿ ತರಲು ಹುಕ್ಕೇರಿಗೆ ಹೋಗಿದ್ದ. ನಾನು ಕಾಳಪ್ಪನ ಅಂಗಳಕ್ಕೆ ಹೋದೆ. ಅವನು ಉಳಿ ಕೆಳಗಿಟ್ಟು ಸುಮ್ಮನೆ ಕೂತಿದ್ದ.

"ಮಾಸ್ತರ, ಒಂದ ಗೇಣಿಗೆ ಆಯ ಕೂಡವಲ್ದರಿ."

ಮನೆಯ ಬಾಗಿಲಿಗೆ ಆಯ ನೋಡುವುದನ್ನು ಕಂಡಿದ್ದೆ. ಲಾರಿಗೂ ನೋಡುತ್ತಾರೆಂದು ಗೊತ್ತಿರಲಿಲ್ಲ. ಅಳತೆಯನ್ನು ಎಂಟರಿಂದ ಭಾಗಿಸಬೇಕು. ಬೆಸ ಉಳಿದರೆ ಒಳ್ಳೆಯದು, ಸರಿ ಉಳಿದರೆ ಕೆಟ್ಟದ್ದು; ಉಳಿದ ಒಂದೊಂದು ಸಂಖ್ಯೆಗೂ ಒಂದೊಂದು ಹೆಸರು. ಗೇಣಿಗೆ ಹನ್ನೆರಡು ಬೆರಳು. ನಾಲ್ಕು ಉಳಿಯಿತು. ನಾಲ್ಕೆಂದರೆ ನಾಯಿ.

"ನಾಯಿ ಆಯದ ಮ್ಯಾಲೆ ಕುಂತು ನಾ ಅಗಸಿ ದಾಟಂಗಿಲ್ರಿ," ಎಂದ ಕಾಳಪ್ಪ.

ಅವನ ಹೆಂಡತಿ ನಾಗವ್ವ ಒಲೆಯ ಮುಂದಿನಿಂದಲೇ ಅಂದಳು: "ನಾಯಿ ಇದ್ರೇನಾತು? ಈ ಮನ್ಯಾಗ ಹೇಳಿದ ಮಾತ ಕೇಳೂದು ಅದೊಂದ."

ಒಂದು ಬೆರಳು ಇಳಿಸಿದ್ದರೆ ಮೂರು ಉಳಿದು ಸಿಂಹ ಆಗುತ್ತಿತ್ತು. ಒಂದು ಏರಿಸಿದ್ದರೆ ಐದು ಉಳಿದು ಎತ್ತು. ಎರಡರಲ್ಲಿ ಯಾವುದಾದರೂ ನಡೆಯುತ್ತಿತ್ತು. ಆದರೆ ಲೆಕ್ಕ ಕೇಳಿದವರಿಗೆ ಸಣ್ಣ ಉತ್ತರ ಕೊಟ್ಟರೆ ನನಗೆ ಸಮಾಧಾನವಿಲ್ಲ.

"ಮೂರು ಬೆರಳ ಏರಿಸ್ರಿ ಬಡಿಗೇರ. ಏಳು ಉಳೀತೈತಿ, ಆನಿ ಆಯ. ಲಾರಿ ಅಂದ್ರ ಆನಿ ಇದ್ದಂಗ."

ಕಾಳಪ್ಪ ಕೈ ಮುಗಿದ. ನಾನು ಬೆಲ್ಲ, ನೀರು ತೆಗೆದುಕೊಂಡು ಮನೆಗೆ ಬಂದೆ. ಅಗಸಿಯ ಅಳತೆ ಕಾಳಪ್ಪನಿಗೆ ಗೊತ್ತಿರಲಿಲ್ಲ. ಆಯ ಬದಲಾದದ್ದು ಸಿದ್ದಪ್ಪನಿಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವನು ನಾನೊಬ್ಬನೇ. ಒಂದು ನನ್ನ ಕಿಸೆಯಲ್ಲಿತ್ತು, ಇನ್ನೊಂದು ತಲೆಯಲ್ಲಿತ್ತು. ಎಂಟು ದಿನ ಅವು ಒಂದನ್ನೊಂದು ಭೇಟಿಯಾಗಲಿಲ್ಲ.

ಆ ಸೋಮವಾರ ಲಾರಿ ಬೆಲ್ಲ ಹೇರಿಕೊಂಡು ಅಗಸಿಯ ಕಡೆ ನಿಧಾನವಾಗಿ ಬಂತು. ಪೆಂಟೆಗಳ ಮೇಲೆ ಕಾಳಪ್ಪ ಹೊಸ ರುಮಾಲು ಸುತ್ತಿ ನೆಟ್ಟಗೆ ಕೂತಿದ್ದ. ತನ್ನ ಹಲಗೆಗಳು ಅಲುಗುತ್ತವೋ ಏನೋ ನೋಡಲು ಮುಖ ಹಿಂದಕ್ಕೆ ಮಾಡಿದ್ದ. ಎರಡರಲ್ಲಿ ಮೂರು ಹೋಗುವುದಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಒಂದು ಬೆರಳು ಕಡಿಮೆ ಬೀಳುತ್ತದೆ. ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ ಆ ಬೆರಳು ಯಾರದೆಂದು ಕೇಳುತ್ತಾರಲ್ಲ ಎಂಬ ಯೋಚನೆಯೂ ಅದೇ ಗಳಿಗೆಯಲ್ಲಿ ಬಂತು. ಯಾವುದು ಮೊದಲು ಬಂತೆಂದು ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ. ದನಿ ಮಾತ್ರ ಹೊರಡಲಿಲ್ಲ.

ಕಲ್ಲು ಅವನ ರುಮಾಲಿಗೆ ಹಿಂದಿನಿಂದ ಬಡಿಯಿತು. ಕಾಳಪ್ಪ ಮುಂದಕ್ಕೆ ಬೆಲ್ಲದ ಮೇಲೆ ಬೋರಲು ಬಿದ್ದ. ರುಮಾಲು ಬಿಚ್ಚಿಕೊಂಡು ನನ್ನ ಕಾಲ ಹತ್ತಿರ ಉರುಳಿತು. ಲಾರಿ ಅಗಸಿಯ ಆಚೆ ಹೋಗಿ ನಿಂತಿತು.

"ಏನಾತ್ರಿ ಬಡಿಗೇರ?" ಎಂದು ಸಿದ್ದಪ್ಪ ಕೆಳಗಿಳಿದು ಕೇಳಿದ.

ಮೇಲಿನಿಂದ ಉತ್ತರ ಬಂತು: "ಬೆಲ್ಲ ಛಲೋ ಐತಿ ಸಿದ್ದಪ್ಪಾ."

ಕಾಳಪ್ಪ ಎದ್ದು ಕೂತು, ಮೂಗಿಗೆ ಹತ್ತಿದ್ದನ್ನು ಒರೆಸಿ, ತಲೆ ಮುಟ್ಟಿ ನೋಡಿಕೊಂಡ. "ರುಮಾಲ ಹೋತು, ತಲಿ ಐತಿ. ಮಾಸ್ತರು ಆನಿ ಆಯ ಇಡಿಸಿದ್ರು ನೋಡ್ರಿ, ಅದಕ್ಕ ಉಳದೆ. ನಾಯಿ ಆಯ ಇದ್ದಿದ್ರ ಇವತ್ತ ಮುಗದ ಹೋಗಿತ್ತು."

ನಾಯಿ ಆಯ ಇದ್ದಿದ್ದರೆ ಅವನ ರುಮಾಲಿಗೂ ಕಲ್ಲಿಗೂ ನಡುವೆ ಎರಡು ಬೆರಳು ಗಾಳಿ ಆಡುತ್ತಿತ್ತು. ಇದನ್ನು ಅಲ್ಲೇ ಹೇಳಬೇಕಿತ್ತು. ಅಷ್ಟರಲ್ಲಿ ನಾಲ್ಕು ಮಂದಿ ನನಗೆ ಕೈ ಮುಗಿದಿದ್ದರು, ಶಾಲೆಯ ಗಂಟೆಯೂ ಹೊಡೆಯಿತು. ಮುಂದಿನ ವಾರದಿಂದ ಸುತ್ತಲಿನ ಊರವರು ಬಾಗಿಲು, ಬಂಡಿ, ತೊಟ್ಟಿಲುಗಳ ಅಳತೆ ಹಿಡಿದು ನನ್ನ ಮನೆಗೆ ಬರತೊಡಗಿದರು. ನಾನು ಎಲ್ಲರಿಗೂ ಆದಷ್ಟು ಕಡಿಮೆ ಬೆರಳು ಹೇಳಿ ಕಳಿಸುತ್ತ ಬಂದೆ.

ಅಂದು ಅಗಸಿಯಲ್ಲಿದ್ದವರಲ್ಲಿ ನನ್ನನ್ನು ಬಿಟ್ಟು ಈಗಲೂ ಇರುವವರು ಮೂವರು. ಸಿದ್ದಪ್ಪ ಇದ್ದಾನೆ, ಲಾರಿ ನಡೆಸುತ್ತ ಅವನು ಮುಂದೆ ನೋಡುತ್ತಿದ್ದ. ಕಾಳಪ್ಪ ಇದ್ದಾನೆ, ಅವನು ಹಿಂದೆ ನೋಡುತ್ತಿದ್ದ. ಎದುರಿನ ಕಟ್ಟೆಯ ಮೇಲೆ ನಿಂತಿದ್ದ ನಾಗವ್ವಳೂ ಇದ್ದಾಳೆ. ಅವಳು ನೋಡುತ್ತಿದ್ದದ್ದು ಗಂಡನನ್ನಲ್ಲ, ತೆರೆದ ನನ್ನ ಬಾಯಿಯನ್ನು. ಸಂತೆಯಲ್ಲಿ ಸಿಕ್ಕಾಗಲೆಲ್ಲ "ಆರಾಮ ಅದೀರಿ, ಮಾಸ್ತರ?" ಎಂದಷ್ಟೇ ಕೇಳುತ್ತಾಳೆ. ಉತ್ತರ ಬರುವವರೆಗೆ ಮಾತ್ರ ಅಲ್ಲೇ ನಿಂತಿರುತ್ತಾಳೆ.