ನಡುಗಡ್ಡೆಯಲ್ಲಿ ನಿಂತವರು

ಎಲ್ಲ ಅನಾಹುತಕ್ಕೂ ಮೂಲ ಹಾಯಿಯ ಮೇಲಿನ ಒಂದು ತೇಪೆ. ದೋಣಿ ಪಕ್ಕದಂಗಡಿಯ ಕ್ಷೌರಿಕನದು, ತೇಪೆ ಟೈಲರನದು. ಹರಿದ ಹಾಯಿಯನ್ನು ಹೊಲಿದುಕೊಟ್ಟರೆ ರಜೆಯ ದಿನ ಹೆಂಡತಿಯನ್ನು ಕೂರಿಸಿಕೊಂಡು ಸರೋವರ ಸುತ್ತಿಬರಬಹುದು ಎಂಬುದು ಇಬ್ಬರ ನಡುವಿನ ಒಪ್ಪಂದ.

ಟೈಲರ್ ಒಳ್ಳೆಯ ಮನುಷ್ಯ. ವರ್ಷಗಟ್ಟಲೆ ಮಿಷನ್ನಿನ ಮೇಲೆ ಬಗ್ಗಿ ಬಗ್ಗಿ ಅವನ ಕುತ್ತಿಗೆ ಎಡಕ್ಕೆ ವಾಲಿ ಅಲ್ಲೇ ನಿಂತುಬಿಟ್ಟಿತ್ತು. ನೋಡಿದವರಿಗೆ ಅವನು ಸದಾ ಯಾರದೋ ಗುಟ್ಟಿಗೆ ಕಿವಿಗೊಟ್ಟಂತೆ ಕಾಣುತ್ತಿದ್ದ. ಅವನಿಗೆ ಒಂದೇ ಹೆಮ್ಮೆ: "ನಾನು ಹೊಲಿದ ಬಟ್ಟೆ ರಿಪೇರಿಗೆ ಅಂತ ಒಂದು ಸಲವೂ ವಾಪಸ್ ಬಂದಿಲ್ಲ."

ಬಂದಿರಲಿಲ್ಲ, ನಿಜ. ಬೀದಿಯಲ್ಲಿ ಅವನ ಹೊರತು ಯಾರೂ ಅದನ್ನು ತೊಟ್ಟು ಓಡಾಡುತ್ತಲೂ ಇರಲಿಲ್ಲ. ಒಳ್ಳೆಯ ಬಟ್ಟೆಯನ್ನು ದಿನಾ ಯಾರು ಹಾಕುತ್ತಾರೆ, ಜೋಪಾನವಾಗಿ ಎತ್ತಿಟ್ಟಿರುತ್ತಾರೆ ಎಂದು ಅವನ ನಂಬಿಕೆ. ಹೆತ್ತವರಿಗೆ ಹೆಗ್ಗಣ ಮುದ್ದು. ಆದರೂ ತಾನು ಹೊಲಿದದ್ದನ್ನು ಒಬ್ಬರಾದರೂ ನಾಲ್ಕು ಜನರ ಮುಂದೆ ತೊಟ್ಟು ನಿಂತದ್ದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ಒಳಗೊಳಗೇ ಕೊರೆಯುತ್ತಿತ್ತು. ಈಗ ಅದಕ್ಕೂ ಕಾಲ ಕೂಡಿಬಂದಿತ್ತು. ಮುಂದಿನ ತಿಂಗಳು ಕ್ಷೌರಿಕನ ಮಗಳ ಮದುವೆ. ಅಳಿಯನ ಕೋಟು ನೀವೇ ಹೊಲಿಯಬೇಕು ಎಂದು ಕ್ಷೌರಿಕ ಮಾತು ಕೊಟ್ಟಿದ್ದ. ಊರಿಗೆ ಊರೇ ನೋಡುವ ಕೋಟು. ಟೈಲರನಿಗೆ ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ.

ದೋಣಿ ನೀರಿಗಿಳಿಸುವಾಗ ಅರ್ಧ ಬೀದಿ ಕಟ್ಟೆಯ ಮೇಲಿತ್ತು.

"ಎಲ್ಲಿಗೆ ಬೇಕಾದ್ರೂ ಹೋಗಿ ಟೈಲರಣ್ಣ, ಆ ನಡುಗಡ್ಡೆಗೆ ಮಾತ್ರ ಇಳೀಬೇಡಿ," ಎಂದ ಕ್ಷೌರಿಕ.

"ಯಾಕೆ? ಏನಿದೆ ಅಲ್ಲಿ?"

ಕ್ಷೌರಿಕ ಶಾಲೆಯ ಮಾಸ್ತರರ ಮುಖ ನೋಡಿದ. ಮಾಸ್ತರರು ಔಷಧದಂಗಡಿಯವಳ ಮುಖ ನೋಡಿದರು. ಕೊನೆಗೆ ಅವಳೇ ಬಾಯಿಬಿಟ್ಟಳು. "ಇಳಿದವರು ಅಲ್ಲೇ ನಿಂತುಬಿಡ್ತಾರಂತೆ. ಕರೆದ್ರೆ ಮಾತಾಡಲ್ಲ, ಕದಲಲ್ಲ. ನಿಂತೇ ಇರ್ತಾರೆ."

"ನಾವ್ಯಾಕೆ ಅಲ್ಲಿಗೆ ಹೋಗೋಣ, ಸುಮ್ನೆ ಒಂದು ಸುತ್ತು ಹಾಕಿ ಬರ್ತೀವಿ," ಎಂದು ಟೈಲರನ ಹೆಂಡತಿ ಯಾರೂ ಕೇಳದೆಯೇ ಉತ್ತರ ಕೊಟ್ಟಳು.

ಗಾಳಿ ಹದವಾಗಿತ್ತು. ದೂರದಲ್ಲಿ ಬೇರೆ ದೋಣಿಗಳ ಮೇಲೆ ಬಿಳಿ ಹಕ್ಕಿಗಳು ಮುತ್ತಿಕೊಂಡು ಕೂಗಾಡುತ್ತಿದ್ದವು. ಇವರ ದೋಣಿಯ ಮೇಲೆ ಒಂದೂ ಇಲ್ಲ. ಹೆಂಡತಿ ಬ್ರೆಡ್ಡಿನ ಚೂರೊಂದನ್ನು ನೀರಿಗೆ ಎಸೆದಳು. ಒಂದು ಹಕ್ಕಿ ಆಸೆಯಿಂದ ಕೆಳಗಿಳಿಯಿತು, ಟೈಲರನ ಹತ್ತಿರಕ್ಕೆ ಬಂದದ್ದೇ ಕಿರ್ರೆಂದು ಕಿರುಚಿ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ತಿರುಗಿಹೋಯಿತು. ಚೂರು ನೀರಿನಲ್ಲಿ ನೆನೆದು ಮುಳುಗಿತು.

"ಇದೇನೇ ಇದು?" ಎಂದ ಟೈಲರ್.

"ಹಸಿವಿರಲ್ಲ ಬಿಡಿ," ಎಂದಳು ಹೆಂಡತಿ. ಅವನೇ ಹೊಲಿದು ತೊಟ್ಟ ಕೋಟಿನ ಕಡೆ ಅವಳು ನೋಡಿ ಬೇಗನೆ ಕಣ್ಣು ತೆಗೆದದ್ದು ಅವನಿಗೆ ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೀರಿನ ಮೇಲೆ ಮಂಜು ಹಬ್ಬತೊಡಗಿತು. ಆಗ ಶುರುವಾಯಿತು ದೋಣಿಯ ಹಟ. ಟೈಲರ್ ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುತ್ತಿತ್ತು. ನೆಟ್ಟಗೆ ಬಿಟ್ಟರೂ ಎಡಕ್ಕೇ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಹಾಗಾಯಿತು. ಎಡಗಡೆ, ಮಂಜಿನೊಳಗೆ, ನಡುಗಡ್ಡೆ ಕಪ್ಪಗೆ ಬೆಳೆಯುತ್ತಾ ಬಂತು.

"ಯಾರೋ ಎಳ್ಕೊಳ್ತಿದ್ದಾರೆ ಕಣೇ," ಎಂದ ಅವನು ಸಣ್ಣ ದನಿಯಲ್ಲಿ.

"ಹಾಯಿ ಸೊಟ್ಟಗಿದೆ ರೀ."

"ಹಾಯಿ ಹೊಲಿದಿದ್ದು ನಾನು. ಸರೋವರವೇ ಸೊಟ್ಟಗಿರಬೇಕು." ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ದೋಣಿ ಜೊಂಡಿನೊಳಗೆ ನುಗ್ಗಿ ನಿಂತಿತು. ಬಂದದ್ದು ಬಂದಾಯಿತು, ಒಂದು ಸುತ್ತು ನೋಡಿಕೊಂಡು, ತಿಂಡಿ ತಿಂದು ಹೋಗೋಣ ಎಂದ ಟೈಲರ್. ಧೈರ್ಯದಿಂದಲ್ಲ. ದೋಣಿ ಹಿಂದಕ್ಕೆ ಕದಲುತ್ತಿರಲಿಲ್ಲ, ಹೆಂಡತಿಯ ಮುಂದೆ ಅದನ್ನು ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಹೆಂಡತಿ ದೋಣಿಯಲ್ಲೇ ಇರುತ್ತೇನೆಂದಳು. ಒಬ್ಬನೇ ಹೋಗಲು ಅವನಿಗೆ ಎದೆಗಾರಿಕೆ ಸಾಲದೆ ಅವಳ ಕೈ ಹಿಡಿದು ಇಳಿಸಿಕೊಂಡ.

ಕಾಲುದಾರಿ ಒದ್ದೆಯಾಗಿತ್ತು. ಹಕ್ಕಿಯಿಲ್ಲ, ಹುಳುವಿಲ್ಲ, ಎಲೆಯ ಸದ್ದೂ ಇಲ್ಲ. ತನ್ನ ಬೂಟಿನ ಪಿಚಪಿಚ ಸದ್ದೇ ಹಿಂದಿನಿಂದ ಬೇರೆ ಯಾರೋ ಬಂದ ಹಾಗೆ ಕೇಳುತ್ತಿತ್ತು. ಪೊದೆ ದಾಟಿದ ಕೂಡಲೇ ಟೈಲರ್ ಗಕ್ಕನೆ ನಿಂತ.

ಮಂಜಿನಲ್ಲಿ ಶಾಲೆಯ ಮಾಸ್ತರರು ನಿಂತಿದ್ದರು. ತಾನು ಹೊಲಿದುಕೊಟ್ಟ ಕಂದು ಕೋಟು, ಎದೆಯ ಮೇಲೆ ತಾನೇ ಇಟ್ಟ ಜೇಬು. ಬೆಳಿಗ್ಗೆ ಕಟ್ಟೆಯ ಮೇಲೆ ಬಿಟ್ಟುಬಂದ ಮಾಸ್ತರರು.

"ಮಾಸ್ತರೇ, ನೀವು ಯಾವಾಗ ಬಂದ್ರಿ?"

ಮಾಸ್ತರರು ಮಾತಾಡಲಿಲ್ಲ. ಅವರ ಪಕ್ಕದಲ್ಲಿ ಪಟ್ಟೆಪಟ್ಟೆ ಜುಬ್ಬದಲ್ಲಿ ಕ್ಷೌರಿಕ. ಅವನಾಚೆ ಔಷಧದಂಗಡಿಯವಳ ಹಸಿರು ಮೇಲಂಗಿ. ಇನ್ನೂ ಆಚೆ, ಮಂಜು ಸರಿದಲ್ಲೆಲ್ಲ, ಒಬ್ಬರ ಹಿಂದೆ ಒಬ್ಬರು, ಕೈ ಚಾಚಿಕೊಂಡು, ಬೀದಿಗೆ ಬೀದಿಯೇ ನಿಂತಿತ್ತು. ಕರೆದರೆ ಮಾತಿಲ್ಲ, ಕದಲಿಕೆಯಿಲ್ಲ. ಟೈಲರ್ ಹೆಂಡತಿಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದ. ಆ ಭಯದಲ್ಲೂ ಅವನ ಕಣ್ಣು ಭುಜಗಳ ಮೇಲೆ ಹರಿಯಿತು. ಎಲ್ಲರ ಭುಜವೂ ಗೆರೆ ಎಳೆದಂತೆ ಸಮವಾಗಿತ್ತು. ಎಷ್ಟು ಚೆನ್ನಾಗಿ ಒಪ್ಪಿದೆ ಎಂದು ಒಂದು ಕ್ಷಣ ಹೆಮ್ಮೆಯೂ ಆಯಿತು.

ಆಮೇಲೆ ನೀಲಿ ಗೌನು ಕಂಡಿತು. ಬಿಳಿ ಲೇಸಿನ ಕೊರಳು, ಹುಲ್ಲಿನ ಟೋಪಿ. ಹೋದ ವರ್ಷ ಹೆಂಡತಿಗೆಂದು ಆಸೆಪಟ್ಟು ಹೊಲಿದದ್ದು. ಪೆಟ್ಟಿಗೆಯಲ್ಲಿ ಭದ್ರವಾಗಿದೆ ಎಂದು ಅವಳು ಹೇಳುತ್ತಿದ್ದ ಗೌನು.

ಎದುರಿಗೆ ಹೆಂಡತಿ ನಿಂತಿದ್ದಾಳೆ. ಹಾಗಾದರೆ ತಾನು ಹಿಡಿದಿರುವ ಈ ತಣ್ಣನೆಯ ಕೈ ಯಾರದು? ತಿರುಗಿ ನೋಡುವ ಧೈರ್ಯ ಬರಲಿಲ್ಲ. ಇವಳೇ ಹೌದೋ ಅಲ್ಲವೋ ಪರೀಕ್ಷೆ ಮಾಡೋಣವೆಂದು, ಮುಂದೆ ನೋಡುತ್ತಲೇ ಕೇಳಿದ. "ನಮ್ಮ ಮದುವೆ ದಿನ ನಿನ್ನ ತಮ್ಮ ಊಟಕ್ಕೆ ಯಾಕೆ ಬರಲಿಲ್ಲ?"

"ನೀವು ಹೊಲಿದುಕೊಟ್ಟ ಪ್ಯಾಂಟಲ್ಲಿ ಕೂರೋಕೆ ಆಗಲಿಲ್ಲ ಅಂತ," ಎಂದಿತು ಹಿಂದಿನ ದನಿ.

"ಹೊಟ್ಟೆನೋವು ಅಂದಿದ್ಯಲ್ಲ?"

"ಹೂಂ, ಅದೇ. ಹೊಟ್ಟೆನೋವು."

ಇವಳು ಹೆಂಡತಿಯೇ. ಟೈಲರ್ ಉಸಿರುಬಿಟ್ಟ. ಅಷ್ಟರಲ್ಲಿ ಮಾಸ್ತರರ ಕೋಟಿನ ಹಿಂದಿನಿಂದ ಗೊಗ್ಗರು ದನಿಯೊಂದು ಬಂತು.

"ಅವರನ್ನ ಮುಟ್ಟಬೇಡಿ."

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಬಂದವಳು ಬಕೆಟ್ ಹಿಡಿದ ಮುದುಕಿ. ನಡುಗಡ್ಡೆಯ ಹೊಂಡಗಳಲ್ಲಿ ಮೀನುಮರಿ ಸಾಕುವವಳು.

"ಮುಟ್ಟಿದ್ರೆ ಬಿದ್ದೋಗ್ತಾವೆ, ಕಂಬಗಳು ಭದ್ರ ಇಲ್ಲ," ಎಂದಳು ಅಜ್ಜಿ. "ಬೆದರುಬೊಂಬೆ ಕಣಪ್ಪ. ಮೊದ್ಲು ಬೇರೆ ಹಳೇ ಬಟ್ಟೆ ಕಟ್ಟಿದ್ದೆ. ಹಕ್ಕಿಗಳು ಅದರ ತಲೆ ಮೇಲೇ ಕೂತು ಮರಿ ತಿಂತಿದ್ವು. ಈ ಬಟ್ಟೆ ಬಂದ್ಮೇಲೆ ಒಂದೂ ಇತ್ತ ಸುಳೀಲಿಲ್ಲ. ಒಂದು ಭುಜ ಮೇಲೆ, ಒಂದು ಕೆಳಗೆ. ಈಗ್ಲೇ ಹಾರಿ ಕುತ್ತಿಗೆ ಹಿಡಿಯೋ ಹಾಗಿದೆ ನೋಡು. ಕತ್ತಲಾದ್ರೆ ನಾನೇ ಈ ಕಡೆ ಬರಲ್ಲ."

ಟೈಲರ್ ನೀಲಿ ಗೌನಿನ ಕಡೆಗೊಮ್ಮೆ, ಹೆಂಡತಿಯ ಕಡೆಗೊಮ್ಮೆ ನೋಡಿದ.

"ಯಾರೋ ಆ ದಡದ ಟೈಲರಂತೆ, ಪುಣ್ಯಾತ್ಮ. ಅವನ ಮನಸ್ಸಿಗೆ ನೋವಾಗಬಾರ್ದು ಅಂತ ಎಲ್ಲರೂ ಹೊಲಿಸ್ತಾರಂತೆ, ಹೊಲಿಸಿ ನನಗೆ ಕಳಿಸ್ತಾರೆ. ನೀವು ಆ ಕಡೆಯವರಾದ್ರೆ ಹೇಳಿ, ಅವನ ಕೈಲೇ ಹೊಲಿಸ್ಲಿ, ಟೈಲರನ್ನ ಬದಲಾಯಿಸೋದು ಬೇಡ ಅಂತ."

ಸಾಲಿನ ನಟ್ಟನಡುವೆ, ಎಲ್ಲರಿಗಿಂತ ಎತ್ತರಕ್ಕೆ, ಒಂದು ಬೋಳು ಕಂಬ ಕೈ ಚಾಚಿ ನಿಂತಿತ್ತು.

"ಅದು ಯಾರಿಗೆ?" ಎಂದ ಟೈಲರ್. ಕೇಳಬಾರದಿತ್ತು.

"ಮದುಮಗನಿಗೆ. ಕ್ಷೌರದಂಗಡಿಯವರು ಮುಂದಿನ ತಿಂಗಳು ಹೊಸ ಕೋಟು ಕಳಿಸ್ತಾರೆ. ಮದುವೆಗೆ ಪೇಟೆಯಿಂದ ರೆಡಿಮೇಡ್ ತಂದಿಟ್ಟಾಗಿದೆಯಂತೆ."

ಅಜ್ಜಿ ಬಕೆಟ್ ಎತ್ತಿಕೊಂಡು ಮಂಜಿನೊಳಗೆ ಹೋದಳು. ಟೈಲರ್ ಕಂಬದ ಎದುರು ನಿಂತೇ ಇದ್ದ.

"ಇಲ್ಲಿಗೆ ಇಳೀಬೇಡಿ ಅಂತ ಅದಕ್ಕೇ ಹೆದರಿಸಿದ್ದು ಅವರೆಲ್ಲ," ಎಂದಳು ಹೆಂಡತಿ. "ನಾನು ಆ ಗೌನನ್ನ ಒಂದು ಸಲ ಹಾಕ್ಕೊಂಡಿದ್ದೆ ರೀ, ನಿಜವಾಗ್ಲೂ. ಎದುರುಮನೆ ಕೂಸು ಚಿಟ್ಟನೆ ಚೀರಿಬಿಡ್ತು."

"ಎಲ್ಲ ಸಮವಾಗೇ ಇದೆಯಲ್ಲೇ. ನನಗೆ ಏನೂ ಕಾಣ್ತಿಲ್ಲ."

ಅವಳು ಎರಡೂ ಅಂಗೈಗಳಲ್ಲಿ ಅವನ ತಲೆ ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿದಳು. ಕುತ್ತಿಗೆ ಲಟಕ್ಕೆಂದಿತು. ಆಗ ಅವನಿಗೆ ಕಂಡಿತು. ಇಡೀ ಬೀದಿ ಒಂದು ಹೆಗಲು ಎತ್ತಿ, ಒಂದು ಹೆಗಲು ಇಳಿಸಿ, ಅವನ ಮೇಲೆ ಎರಗಲು ಹೊಂಚುಹಾಕುತ್ತಿತ್ತು. ನೀಲಿ ಗೌನಿನವಳು ಎಲ್ಲರಿಗಿಂತ ಮುಂದಿದ್ದಳು.

"ಕೈ ಬಿಡೇ," ಎಂದ ಅವನು. ಅವಳು ಬಿಟ್ಟಳು. ಕುತ್ತಿಗೆ ತನ್ನ ಜಾಗಕ್ಕೆ ಹೋಯಿತು, ಎಲ್ಲವೂ ಮತ್ತೆ ಸಮವಾಯಿತು.

ದೋಣಿಯನ್ನು ಇಬ್ಬರೂ ನೂಕಿ ಜೊಂಡಿನಿಂದ ಬಿಡಿಸಿದರು. ಹಾಯಿ ಸುತ್ತಿಟ್ಟು ಹುಟ್ಟು ಹಾಕುತ್ತಾ ಹೊರಟರು. ಅರ್ಧ ದಾರಿಯಲ್ಲಿ ಟೈಲರ್ ಏನೋ ನೆನಪಾದವನಂತೆ ತನ್ನ ಕೋಟು ಕಳಚಿ ಕಾಲಡಿ ಇಟ್ಟ. ಎಲ್ಲಿದ್ದವೋ ಏನೋ, ಹಕ್ಕಿಗಳು ಹಿಂಡುಹಿಂಡಾಗಿ ಬಂದು ಮುತ್ತಿಕೊಂಡವು. ಉಳಿದ ಬ್ರೆಡ್ಡೆಲ್ಲ ಖಾಲಿಯಾಯಿತು, ಅವನ ನೆತ್ತಿಯ ಮೇಲೂ ಒಂದಿಷ್ಟು ಬಿತ್ತು. ಅವನು ಕೋಟು ತೊಟ್ಟುಕೊಂಡ. ಸರೋವರ ಮತ್ತೆ ನಿಶ್ಶಬ್ದವಾಯಿತು. ಹೆಂಡತಿ ನಗಲಿಲ್ಲ, ಅವನ ಮಗ್ಗುಲಿಗೆ ಸರಿದು ಕೂತಳು.

ಸಂಜೆಯ ಮಬ್ಬಿನಲ್ಲಿ ಕಟ್ಟೆಯ ಮೇಲೆ ಅವರೆಲ್ಲ ಕಾಯುತ್ತಿದ್ದರು. ಕ್ಷೌರಿಕ ಹಗ್ಗ ಹಿಡಿಯಲು ಎರಡೂ ಕೈ ಚಾಚಿದ.

"ನಡುಗಡ್ಡೆ ಕಡೆ ಹೋಗಲಿಲ್ಲ ತಾನೇ?"

"ಸರೋವರ ಸುತ್ತಿ ಬಂದ್ವಿ," ಎಂದ ಟೈಲರ್.

ಎಲ್ಲರ ಮುಖವೂ ಅರಳಿತು. ಮಾಸ್ತರರು ಹಗುರಾಗಿ ನಕ್ಕು ಬೀಳ್ಕೊಡುವಂತೆ ಕೈ ಎತ್ತಿದರು. ಕ್ಷೌರಿಕನಿಗೆ ಉತ್ಸಾಹ ಬಂತು. "ಹಾಗಾದ್ರೆ ನಾಳೆ ಅಳಿಯನ್ನ ಕಳಿಸ್ಲಾ? ಕೋಟಿನ ಅಳತೆ ತಗೊಂಬಿಡಿ."

"ಅವರಿಗ್ಯಾಕೆ ತೊಂದರೆ," ಎಂದ ಟೈಲರ್ ತಣ್ಣಗೆ. "ಕಂಬವನ್ನೇ ನೋಡ್ಕೊಂಡು ಬಂದಿದ್ದೀನಿ."

ಕ್ಷೌರಿಕನ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಮಾಸ್ತರರ ಎತ್ತಿದ ಕೈ ಇಳಿಯಲಿಲ್ಲ. ಔಷಧದಂಗಡಿಯವಳು ಕಣ್ಣೂ ಮಿಟುಕಿಸಲಿಲ್ಲ. ಮಾತಿಲ್ಲ, ಕದಲಿಕೆಯಿಲ್ಲ, ಇಡೀ ಬೀದಿ ಸಾಲಾಗಿ ನಿಂತುಬಿಟ್ಟಿತು. ಟೈಲರ್ ಒಬ್ಬೊಬ್ಬರನ್ನೇ ನೋಡುತ್ತಾ ಅವರ ನಡುವೆ ನಡೆದುಹೋದ. ಥೇಟ್ ನಡುಗಡ್ಡೆಯವರ ಹಾಗೆಯೇ ಇದ್ದರು. ಒಂದೇ ವ್ಯತ್ಯಾಸ ಅವನ ಕಣ್ಣಿಗೆ ಬಿತ್ತು: ಇವರು ತೊಟ್ಟ ರೆಡಿಮೇಡ್ ಬಟ್ಟೆಗಳ ಭುಜ, ಪಾಪ, ಎಲ್ಲರದೂ ಸೊಟ್ಟಗಿತ್ತು.